ಅಂಚಿನಿಂದ ಒಳಕ್ಕೆ: ಗ್ನಾಬ್ರಿ ಆಟದ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಜರ್ಮನಿಯ ಫುಟ್ಬಾಲ್ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ) ಸರ್ಜ್ ಗ್ನಾಬ್ರಿ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹಾಕಿಯ ನಾಡಿನಿಂದ ಫುಟ್ಬಾಲ್ ಬಗ್ಗೆ ಇಷ್ಟು ಪತ್ರ ಬಂದದ್ದು ಸಂತೋಷದ ವಿಷಯ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಬೆಂಚ್ ಕಾಯುತ್ತಿದ್ದ ಗ್ನಾಬ್ರಿ ಅದೇ ವರ್ಷ ಜರ್ಮನಿಗೆ ಹ್ಯಾಟ್ರಿಕ್ ಹೊಡೆದದ್ದು ಹೇಗೆ? ಆಟ ಮೊದಲೇ ಇತ್ತೋ, ಆಮೇಲೆ ಬಂತೋ?
– ಪಿಯುಸಿ ವಿದ್ಯಾರ್ಥಿ, ಸುಂಟಿಕೊಪ್ಪ

ಉತ್ತರ: ಆಟ ಮೊದಲೇ ಇತ್ತು. ಮೈದಾನಕ್ಕಿಳಿಯುವ ಅವಕಾಶ ಇರಲಿಲ್ಲ.

1995ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಗ್ನಾಬ್ರಿ 2011ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಸೇರಿದರು. 17ನೇ ವಯಸ್ಸಿಗೇ ಪ್ರೀಮಿಯರ್ ಲೀಗ್ ಆಡಿದರು. 2013ರ ಸೆಪ್ಟೆಂಬರ್‌ನಲ್ಲಿ ಸ್ವಾನ್ಸಿ ವಿರುದ್ಧ ಗೋಲು ಹೊಡೆದರು. 2014ರ ಮಾರ್ಚ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಬಹುಕಾಲ ಹೊರಗುಳಿಯಬೇಕಾಯಿತು. ಗುಣವಾಗಿ ಬಂದವರಿಗೆ ಬೇಕಿದ್ದದ್ದು ವಾರವಾರ ಪಂದ್ಯ. ಆದರೆ 2015ರಲ್ಲಿ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ಗೆ ಎರವಲಾಗಿ, ಕಳಿಸಿದ್ದು ವೆಸ್ಟ್ ಬ್ರಾಮ್‌ವಿಚ್‌ಗೆ. ಅದು ರಕ್ಷಣೆಗೇ ಒತ್ತು ಕೊಡುತ್ತಿದ್ದ ತಂಡ. ಅಲ್ಲಿ ವಿಂಗರ್‌ನ ಮೊದಲ ಕೆಲಸ ತನ್ನ ಬ್ಯಾಕ್‌ಗೆ (ರಕ್ಷಣಾ ಆಟಗಾರನಿಗೆ) ನೆರವಾಗುವುದು, ದಾಳಿ ಆಮೇಲೆ. ಅಲ್ಲಿದ್ದಷ್ಟು ದಿನ ಲೀಗ್‌ನಲ್ಲಿ ಸಿಕ್ಕಿದ್ದು ಒಂದೇ ಪಂದ್ಯ, ಅದೂ ಬದಲಿ ಆಟಗಾರನಾಗಿ.

2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ 6 ಗೋಲು ಹೊಡೆದರು. ಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಬೆಳ್ಳಿ ಪಡೆಯಿತು. ಅಲ್ಲಿಂದ ಜರ್ಮನಿಯ ವೆರ್ಡರ್ ಬ್ರೆಮೆನ್ ಕ್ಲಬ್‌ಗೆ ಹೋಗಿ 27 ಲೀಗ್ ಪಂದ್ಯಗಳಲ್ಲಿ 11 ಗೋಲು. ನೀವು ಹೇಳಿದ ಹ್ಯಾಟ್ರಿಕ್ ಅದೇ ನವೆಂಬರ್‌ನಲ್ಲಿ ಸ್ಯಾನ್ ಮರಿನೊ ವಿರುದ್ಧ, ರಾಷ್ಟ್ರೀಯ ತಂಡದ ಮೊದಲ ಪಂದ್ಯದಲ್ಲೇ.

ನಮ್ಮ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಅತಿ ಒಳ್ಳೆಯ ನಿರ್ಧಾರ ಬಂದದ್ದು 2017ರಲ್ಲಿ. ಬಾಯರ್ನ್ ಮ್ಯೂನಿಕ್ ಅವರನ್ನು ಕೊಂಡಿತ್ತು, ಆದರೆ ಅಲ್ಲಿ ಎರಡು ಅಂಚಿನಲ್ಲೂ ಹೆಸರಾಂತ ವಿಂಗರ್‌ಗಳಾದ ರೊಬೆನ್, ರಿಬೆರಿ ಇದ್ದರು. ಅವರ ಹಿಂದೆ ಕೂರುವ ಬದಲು ಗ್ನಾಬ್ರಿ ಲೋನ್ ಮೇಲೆ ಹೋಫೆನ್‌ಹೈಮ್‌ಗೆ ಹೋದರು. ವೇಗವಾಗಿ ಮುನ್ನುಗ್ಗುವ ಆ ತಂಡದಲ್ಲಿ 22 ಲೀಗ್ ಪಂದ್ಯಗಳಲ್ಲಿ 10 ಗೋಲು ಬಂತು. ಎರಡೂ ಲೋನೇ. ಒಂದು ಕಡೆ ಆಟಗಾರನ ಗುಣಕ್ಕೂ ತಂಡದ ರೀತಿಗೂ ಹೊಂದಲಿಲ್ಲ, ಇನ್ನೊಂದು ಕಡೆ ಹೊಂದಿತು. ನೀವೂ ತಂಡ ಸೇರುವ ಮುನ್ನ ಅದರ ಎರಡು ಪಂದ್ಯ ನೋಡಿ. ಚೆಂಡು ಅಂಚಿಗೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಗೋಲ್‌ಕೀಪರ್‌ನಿಂದ ನೇರ ಸ್ಟ್ರೈಕರ್ ತಲೆಗೇ ಚೆಂಡು ಹೋಗುವ ತಂಡದಲ್ಲಿ ವಿಂಗರ್ ಬೆಳೆಯುವುದು ಕಷ್ಟ.

ಪ್ರಶ್ನೆ: ನಾನು ಹಾಕಿಯಲ್ಲಿ ರೈಟ್ ಔಟ್. ಈಗ ಫುಟ್ಬಾಲ್‌ನಲ್ಲೂ ಅದೇ ಜಾಗ ಕೊಟ್ಟಿದ್ದಾರೆ. ವೇಗ ಇದೆ, ಆದರೆ ಪಂದ್ಯಕ್ಕೆ ಐದಾರು ಸಲ ಆಫ್‌ಸೈಡ್ ಆಗುತ್ತೇನೆ. ಒಳಕ್ಕೆ ನುಗ್ಗಿದರೂ ಎಡಗಾಲಲ್ಲಿ ಹೊಡೆಯಲು ಬರುವುದಿಲ್ಲ.
– ಕಾಲೇಜು ಆಟಗಾರ, ಗೋಣಿಕೊಪ್ಪಲು

ಉತ್ತರ: ಇದು ಹಾಕಿಯಿಂದ ಬಂದ ಅಭ್ಯಾಸ. ಹಾಕಿ ಆಫ್‌ಸೈಡ್ ನಿಯಮವನ್ನು 1990ರ ದಶಕದಲ್ಲೇ ಕೈಬಿಟ್ಟಿತು. ಹಾಗಾಗಿ ಎದುರಾಳಿ ಬ್ಯಾಕ್‌ನ ಬೆನ್ನ ಹಿಂದೆ ಹೋಗಿ ನಿಂತು ಚೆಂಡು ಕಾಯುವುದು ನಿಮಗೆ ಸಹಜ. ಫುಟ್ಬಾಲ್‌ನಲ್ಲಿ ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಮುಂದಿದ್ದರೆ ಅದು ಆಫ್‌ಸೈಡ್ ಸ್ಥಾನ. ಸಮಸಮ ಇದ್ದರೆ ಅಲ್ಲ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ.

ಎದುರಾಳಿ ಬ್ಯಾಕ್‌ನ ಭುಜದ ಪಕ್ಕದಲ್ಲಿ, ಅವನಿಗಿಂತ ಒಂದು ಹೆಜ್ಜೆ ನಿಮ್ಮ ಗೋಲಿನ ಕಡೆಗೆ, ಮೈ ಅರ್ಧ ತಿರುಗಿಸಿ ನಿಲ್ಲಿ. ಪಾಸ್ ಕೊಡುವವನು ಒದೆಯುವ ಮುನ್ನ ತಲೆ ತಗ್ಗಿಸಿ ಚೆಂಡು ನೋಡುತ್ತಾನಲ್ಲ, ಅದೇ ನಿಮ್ಮ ಸಂಕೇತ. ಆಗ ನೇರ ಓಡಬೇಡಿ. ಮೊದಲ ಎರಡು ಹೆಜ್ಜೆ ಬ್ಯಾಕ್‌ಗಳ ಸಾಲಿನ ಉದ್ದಕ್ಕೆ ಅಡ್ಡ ಹಾಕಿ, ಆಮೇಲೆ ಬಿಲ್ಲಿನಂತೆ ಬಾಗಿ ಒಳಕ್ಕೆ ನುಗ್ಗಿ. ಮೂವರು ಸೇರಿ ದಿನಕ್ಕೆ 20 ಸಲ ಮಾಡಿದರೆ ಮೂರ್ನಾಲ್ಕು ವಾರದಲ್ಲಿ ಕಾಲಿಗೆ ಹತ್ತುತ್ತದೆ.

ಎಡಗಾಲಿನ ವಿಷಯಕ್ಕೆ 2020ರ ಆಗಸ್ಟ್ 19ರಂದು ಲಿಸ್ಬನ್‌ನಲ್ಲಿ ಲಿಯೋನ್ ವಿರುದ್ಧ ಬಾಯರ್ನ್ ಆಡಿದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಗೋಲನ್ನು ನಿಧಾನಗತಿಯಲ್ಲಿ ನೋಡಿ. 18ನೇ ನಿಮಿಷ. ಬಲ ಅಂಚಿನಲ್ಲಿ ಚೆಂಡು ಸಿಕ್ಕ ಗ್ನಾಬ್ರಿ ಪೆನಾಲ್ಟಿ ಆವರಣದ ಮುಂದೆ ಅಡ್ಡಲಾಗಿ ಒಳಕ್ಕೆ ಬರುತ್ತಾರೆ. ಬಲಗಾಲಿನ ಆಟಗಾರ ಇನ್ನೂ ಮುಂದೆ ಹೋಗುತ್ತಾನೆ ಎಂದುಕೊಂಡ ಬ್ಯಾಕ್‌ಗಳು ಹಿಂದೆ ಸರಿಯುತ್ತಾರೆ. ಅಷ್ಟರಲ್ಲಿ ಎಡಗಾಲಿನ ಹೊಡೆತ ಮೇಲ್ಮೂಲೆ ಸೇರುತ್ತದೆ.

ಕಲಿಯಲು 16.5 ಮೀಟರ್ ಗೆರೆಯ ಹತ್ತಿರ, ಗೋಲಿನ ಬಲ ಕಂಬದ ನೇರಕ್ಕೆ ಚೆಂಡಿಟ್ಟುಕೊಳ್ಳಿ. ಬಲಗಾಲಿನ ಒಳಬದಿಯಿಂದ ಒಂದೇ ತಳ್ಳು, ಎರಡನೇ ಸ್ಪರ್ಶಕ್ಕೆ ಎಡಗಾಲಿನ ಹೊಡೆತ. ಆಧಾರದ ಬಲಗಾಲು ಚೆಂಡಿಗೆ ಒಂದು ಗೇಣು ಪಕ್ಕದಲ್ಲಿರಲಿ. ಹಿಂದೆ ಉಳಿದರೆ ಮೈ ಹಿಂದಕ್ಕೆ ವಾಲಿ ಚೆಂಡು ಅಡ್ಡಕಂಬದ ಮೇಲೆ ಹಾರುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಮೊದಲ ಎರಡು ವಾರ ಜೋರು ಬೇಡ, ಗುರಿ ಮಾತ್ರ. ಚೆಂಡಿನ ಗಾಳಿಯನ್ನೂ ನೋಡಿಕೊಳ್ಳಿ. ನಿಯಮದ ಪ್ರಕಾರ 0.6ರಿಂದ 1.1 ಬಾರ್. ಕಲ್ಲಿನಂತೆ ತುಂಬಿದ ಚೆಂಡಿನಲ್ಲಿ ಕಲಿತರೆ ಕಾಲು ಹೆದರಿಕೊಳ್ಳುತ್ತದೆ.

ಪ್ರಶ್ನೆ: ಮಗನಿಗೆ 14 ವರ್ಷ, ವಿಂಗರ್. ಓಡುವಾಗ ತೊಡೆಯ ಹಿಂಬದಿ ಹಿಡಿದುಕೊಳ್ಳುತ್ತದೆ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ. ಮಳೆಗಾಲಕ್ಕೆ ಯಾವ ಬೂಟು ಕೊಡಿಸಲಿ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಅಮ್ಮಾ, ಮೊದಲು ತಿಕ್ಕುವುದನ್ನು ನಿಲ್ಲಿಸಿ. ಹೊಸದಾಗಿ ಹರಿದ ಸ್ನಾಯುವನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಬಹುದು. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಒಂದು ಸಲಕ್ಕೆ 15 ನಿಮಿಷ ಇಡಿ. ನೋವು ಪೃಷ್ಠದ ಬುಡದಲ್ಲಿ, ಕೂರುವ ಮೂಳೆಯ ಹತ್ತಿರ ಇದ್ದರೆ, ಅಥವಾ ಓಡುವಾಗ 'ಟಪ್' ಎಂದಂತಾಗಿದ್ದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಿ. ಬೆಳೆಯುವ ವಯಸ್ಸಿನಲ್ಲಿ ಸ್ನಾಯುವಿಗಿಂತ ಅದು ಮೂಳೆಗೆ ಅಂಟಿಕೊಂಡಿರುವ ಜಾಗ ಮೃದು. ಸ್ನಾಯು ಮೂಳೆಯ ಚೂರನ್ನೇ ಕಿತ್ತುಕೊಂಡು ಬರುವುದುಂಟು.

ಪೂರ್ತಿ ಗುಣವಾದ ಮೇಲೆ ಈ ವ್ಯಾಯಾಮ ಮಾಡಿಸಿ. ಮಂಡಿಯೂರಿ ಕೂತು, ಇನ್ನೊಬ್ಬರು ಹಿಮ್ಮಡಿ ಹಿಡಿದಿರಲು, ಮೈ ನೆಟ್ಟಗಿಟ್ಟು ಆದಷ್ಟು ನಿಧಾನ ಮುಂದಕ್ಕೆ ಬಾಗಿ ಕೈಯೂರುವುದು. ಮೊದಲ ವಾರ ಒಂದು ದಿನ ಮಾತ್ರ, 5ರಂತೆ ಎರಡು ಸಲ. ಮರುದಿನ ತೊಡೆ ನೋಯುತ್ತದೆ, ಆದ್ದರಿಂದ ಪಂದ್ಯದ ಹಿಂದಿನ ದಿನ ಬೇಡ. ಓಟಕ್ಕೆ ಅರ್ಧ ವೇಗದಿಂದ ಶುರುಮಾಡಿ, ನೋವಿಲ್ಲದೆ ಪೂರ್ತಿ ವೇಗ ಮುಟ್ಟಿದ ಮೇಲೆಯೇ ಪಂದ್ಯ.

ಕೆಸರಿಗೆ ತಿರುಪಿನ ಸ್ಟಡ್ (ತಳದಲ್ಲಿ ತಿರುಗಿಸಿ ಕೂರಿಸುವ ಉದ್ದ ಗುಬ್ಬಿ) ಇರುವ ಬೂಟು ಒಳ್ಳೆಯದು. ಗಿಡ್ಡ ಸ್ಟಡ್‌ಗಳ ಸಂದಿಗೆ ಕೆಂಪು ಮಣ್ಣು ಮೆತ್ತಿಕೊಂಡು ಜಾರುತ್ತದೆ, ಜಾರಿದಾಗಲೇ ತೊಡೆ ಎಳೆಯುವುದು. ಆದರೆ ಒಣ ನೆಲದಲ್ಲಿ ತಿರುಪಿನ ಸ್ಟಡ್‌ನ ಬೂಟು ಹಾಕಿಸಬೇಡಿ, ಮೊಣಕಾಲು ತಿರುಚಿಕೊಳ್ಳುತ್ತದೆ. ನೆನೆದ ಬೂಟನ್ನು ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಗಾಳಿಯಲ್ಲಿ ಒಣಗಿಸಿ.

ಪ್ರಶ್ನೆ: ಗ್ನಾಬ್ರಿ ವಿಶ್ವಕಪ್ ಆಡಿದ್ದಾರೆಯೇ?
– ಓದುಗರು, ಮಡಿಕೇರಿ

ಉತ್ತರ: ಆಡಿದ್ದಾರೆ, 2022ರಲ್ಲಿ. 2018ರ ವಿಶ್ವಕಪ್ ಗಾಯದಿಂದ ತಪ್ಪಿತ್ತು. ಕತಾರ್‌ನಲ್ಲಿ ಕೋಸ್ಟರಿಕಾ ವಿರುದ್ಧ 10ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದರು. ಜರ್ಮನಿ 4–2ರಿಂದ ಗೆದ್ದರೂ ಗುಂಪಿನ ಹಂತದಲ್ಲೇ ಹೊರಬಿತ್ತು.