ಪುಟದಲ್ಲಿದ್ದದ್ದು ಪರದೆಯಲ್ಲಿ ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಮಾಂಗಾ, ಅನಿಮೆಯ ಪ್ರಶ್ನೆಗಳೇ ಜಾಸ್ತಿ. ಗೊತ್ತಿಲ್ಲದವರಿಗೆ ಒಂದು ಮಾತು: ಮಾಂಗಾ ಅಂದರೆ ಜಪಾನಿನ ಚಿತ್ರಕಥೆ ಪುಸ್ತಕ, ಅನಿಮೆ ಅಂದರೆ ಅಲ್ಲಿನ ಆ್ಯನಿಮೇಷನ್ ಸರಣಿ. ಉಡುಪಿಯಲ್ಲಿ ಭಾನುವಾರ ನಾನು ನಡೆಸುವ ಚಿತ್ರಕಲೆ ತರಗತಿಯಲ್ಲೂ ಮಕ್ಕಳದ್ದು ಇದೇ ಚರ್ಚೆ. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು. ‘ವಿನ್‌ಲ್ಯಾಂಡ್ ಸಾಗಾ’ ಮಾಂಗಾ ಓದಿದವನು ನಾನೊಬ್ಬನೇ, ಉಳಿದವರು ಅನಿಮೆ ಮಾತ್ರ ನೋಡಿದವರು. ಅನಿಮೆಯವರು ಕಥೆಯ ಶುರುವನ್ನೇ ಬದಲಿಸಿದ್ದಾರೆ. ಅದು ತಪ್ಪು ಅಂತ ನಾನು, ಏನೂ ತಪ್ಪಿಲ್ಲ ಅಂತ ಅವರು. ಬರೆದವರು ಇಟ್ಟ ಹಾಗೆಯೇ ಇಡಬೇಕಲ್ವಾ ಮೇಡಂ?
– ಪದವಿ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಮಕೊತೊ ಯುಕಿಮುರಾ 2005ರಲ್ಲಿ ವೈಕಿಂಗ್ ಯೋಧರ ಈ ಕಥೆ ಶುರು ಮಾಡಿದಾಗ ಓದುಗರನ್ನು ಸೀದಾ ಒಂದು ಕೋಟೆಯ ಮುತ್ತಿಗೆಗೆ ತಂದು ನಿಲ್ಲಿಸಿದರು. ಥಾರ್ಫಿನ್ ಎಂಬ ಹುಡುಗ ಶತ್ರುವಿನ ದಂಡನಾಯಕನ ತಲೆ ತರುತ್ತಾನೆ. ಅದಕ್ಕೆ ಪ್ರತಿಯಾಗಿ ಅವನು ಹಣ ಕೇಳುವುದಿಲ್ಲ, ತನ್ನದೇ ನಾಯಕ ಆಸ್ಕೆಲಾಡ್ ಜೊತೆ ದ್ವಂದ್ವಯುದ್ಧ ಕೇಳುತ್ತಾನೆ. ಇಷ್ಟು ದ್ವೇಷ ಯಾಕೆ? ದ್ವೇಷ ಇದ್ದ ಮೇಲೆ ಅವನ ಹಿಂದೆಯೇ ಯಾಕೆ ತಿರುಗುತ್ತಾನೆ? ಈ ಪ್ರಶ್ನೆ ತಲೆ ಕೊರೆಯುತ್ತಿರುವಾಗ ಕಥೆ ಹಿಂದಕ್ಕೆ, ಐಸ್‌ಲ್ಯಾಂಡಿನ ಬಾಲ್ಯಕ್ಕೆ ಹೋಗುತ್ತದೆ.

2019ರ ಅನಿಮೆ ಆ ಬಾಲ್ಯವನ್ನೇ ಮುಂದಕ್ಕೆ ತಂದಿತು. ಮೊದಲ ಕಂತುಗಳಲ್ಲಿ ನಾವು ಥಾರ್ಫಿನ್‌ನ ಅಪ್ಪ ಥಾರ್ಸ್ ಜೊತೆ ಇರುತ್ತೇವೆ, ಅವನನ್ನು ಕಳೆದುಕೊಳ್ಳುತ್ತೇವೆ. ಕೋಟೆಯ ಕದನ ಬರುವ ಹೊತ್ತಿಗೆ ನಮಗೆ ಎಲ್ಲ ಗೊತ್ತು. ಕುತೂಹಲ ಹೋಗಿ ಆ ಜಾಗಕ್ಕೆ ಸಂಕಟ ಬಂದಿರುತ್ತದೆ.

ನಾನು ನಿಮ್ಮ ಗೆಳೆಯರ ಪರ. ಥಾರ್ಸ್ ಮಗನಿಗೆ ಹೇಳುವ ಮಾತು ನೆನಪಿದೆಯಾ? ನಿನಗೆ ಶತ್ರುಗಳಿಲ್ಲ, ಯಾರಿಗೂ ಶತ್ರುಗಳಿಲ್ಲ ಅನ್ನುತ್ತಾನೆ. ಹುಡುಗನಿಗೆ ಅದು ಆಗ ಅರ್ಥವಾಗುವುದಿಲ್ಲ. ಅರ್ಥವಾಗಲಿಕ್ಕೆ ಅವನು ಎಷ್ಟು ರಕ್ತ ಹರಿಸಬೇಕಾಯಿತು ಎನ್ನುವುದೇ ಮುಂದಿನ ಇಡೀ ಕಥೆ. ಆ ಮಾತನ್ನು ಮೊದಲೇ ಕೇಳಿಸಿದರೆ ಕಥೆಗೆ ನಷ್ಟವಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ. ಅರ್ಥ ಹೇಳುವುದು ಕಲಾವಿದರ ಕೆಲಸ. ಪುಸ್ತಕ ಕೈಯಲ್ಲಿ ಹಿಡಿದು ಸಾಲು ಸಾಲು ತಾಳೆ ನೋಡುತ್ತಾ ಆಟ ನೋಡುವವರು ಯಾರೂ ಇಲ್ಲ. ಆದರೆ ಪ್ರಸಂಗದ ನಡೆ ಕೆಟ್ಟರೆ ಹಿಂದಿನ ಸಾಲಲ್ಲಿ ಕೂತ ಅಜ್ಜನಿಗೂ ತಟ್ಟನೆ ಗೊತ್ತಾಗುತ್ತದೆ. ಈಗ ಕಾಲಮಿತಿ ಆಟಗಳು ಬಂದಿವೆ. ಬೆಳಗಿನವರೆಗೆ ನಡೆಯುತ್ತಿದ್ದದ್ದು ನಡುರಾತ್ರಿಗೇ ಮುಗಿಯಬೇಕು. ಯಾವ ಪದ್ಯ ಬಿಡಬಹುದು, ಯಾವುದನ್ನು ಬಿಟ್ಟರೆ ಕಥೆ ಕುಂಟುತ್ತದೆ ಅಂತ ಅನುಭವಿ ಭಾಗವತರಿಗೆ ಗೊತ್ತಿರುತ್ತದೆ. ಅನಿಮೆ ನಿರ್ದೇಶಕರಿಂದ ನಾನು ಬಯಸುವುದೂ ಆ ತಿಳಿವಳಿಕೆಯನ್ನೇ.

ಕುಂಟಿದ ಉದಾಹರಣೆ ಬೇಕೆಂದರೆ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ನೋಡಿ, ಅನಾಥಾಶ್ರಮದಿಂದ ತಪ್ಪಿಸಿಕೊಳ್ಳಲು ನೋಡುವ ಮಕ್ಕಳ ಕಥೆ. 2019ರ ಮೊದಲ ಸೀಸನ್ ನನಗೆ ತುಂಬಾ ಇಷ್ಟ. ಮಾಂಗಾದಲ್ಲಿ ಮಕ್ಕಳು ಮನಸ್ಸಿನೊಳಗೇ ಲೆಕ್ಕ ಹಾಕುವ ಮಾತುಗಳು ಪುಟದ ತುಂಬಾ ಇವೆ. ಅನಿಮೆ ಅದನ್ನೆಲ್ಲ ತೆಗೆದು, ಕ್ಯಾಮೆರಾ ಇಡುವ ಜಾಗ ಮತ್ತು ಮುಖಭಾವದಲ್ಲೇ ಭಯ ಹುಟ್ಟಿಸಿತು. ಬದಲಾವಣೆ ದೊಡ್ಡದೇ, ಆದರೂ ನಡೆ ಕೆಡಲಿಲ್ಲ. 2021ರ ಎರಡನೇ ಸೀಸನ್‌ನಲ್ಲಿ ‘ಗೋಲ್ಡಿ ಪಾಂಡ್’ ಎಂಬ ಇಡೀ ಘಟ್ಟವನ್ನೇ ಬಿಟ್ಟರು. 20 ಸಂಪುಟಗಳ ಕಥೆಯ ಉಳಿದ ಭಾಗವನ್ನೆಲ್ಲ 11 ಕಂತುಗಳಲ್ಲಿ ಮುಗಿಸಿದರು. ಕೊನೆಗೆ ಎಷ್ಟೋ ವರ್ಷಗಳ ಘಟನೆಗಳು ಒಂದರ ಹಿಂದೆ ಒಂದು ಸ್ಥಿರಚಿತ್ರಗಳಾಗಿ ಓಡಿಹೋದವು. ಕಥಾನಾಯಕಿ ಎಮ್ಮಾ ಪಟ್ಟ ಕಷ್ಟವನ್ನು ತೋರಿಸದೆ ಗೆಲುವನ್ನು ಮಾತ್ರ ತೋರಿಸಿದರೆ ಆ ಹುಡುಗಿಗೆ ಅನ್ಯಾಯ. ನನಗೆ ಈಗಲೂ ಅದರ ಬಗ್ಗೆ ಸಿಟ್ಟಿದೆ.

ಮುಂದಿನ ಸಲ ಗೆಳೆಯರ ಜೊತೆ ಕೂತಾಗ ‘ಪುಸ್ತಕದ ಹಾಗೆ ಉಂಟಾ’ ಅಂತ ಕೇಳಬೇಡಿ. ಏನು ಬಿಟ್ಟರು, ಅದನ್ನು ಬಿಟ್ಟ ಮೇಲೂ ಕಥೆ ತನ್ನ ಕಾಲ ಮೇಲೆ ನಿಂತಿದೆಯಾ ಅಂತ ಕೇಳಿ.

ಪ್ರಶ್ನೆ: ಮಾಂಗಾದಲ್ಲಿ ಬಣ್ಣ ಇಲ್ಲ, ಸದ್ದು ಇಲ್ಲ. ಅನಿಮೆಯಲ್ಲಿ ಎಲ್ಲವೂ ಇದೆ. ಮತ್ತೆ ಮಾಂಗಾ ಓದಿದವರು ಅದೇ ಮೇಲು ಅಂತ ಎಂತಕ್ಕೆ ಹೇಳುವುದು?
– ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ಮಂಗಳೂರು

ಉತ್ತರ: ನೀವು ಬ್ಯಾಸ್ಕೆಟ್‌ಬಾಲ್ ಆಡುವವರು, ಹಾಗಾಗಿ ‘ಸ್ಲಾಮ್ ಡಂಕ್’ ಹಿಡಿದೇ ಹೇಳುತ್ತೇನೆ. ತಕೆಹಿಕೊ ಇನೊಉಎ ಇದನ್ನು 1990ರಿಂದ 1996ರವರೆಗೆ ಬರೆದರು. ಶೊಹೊಕು ಮತ್ತು ಸನ್ನೊ ತಂಡಗಳ ಕೊನೆಯ ಪಂದ್ಯದ ಕೊನೆಯ ಗಳಿಗೆಗಳನ್ನು ದಯವಿಟ್ಟು ನಿಧಾನಕ್ಕೆ ಓದಿ. ಪುಟದ ಮೇಲೆ ಪುಟ, ಹೆಚ್ಚುಕಡಿಮೆ ಮಾತೇ ಇಲ್ಲ. ವೇಗ ತೋರಿಸುವ ಗೆರೆಗಳು, ಬೆವರು, ಚಾಚಿದ ಕೈ, ಕಣ್ಣು. ಕೆಂಪು ಕೂದಲಿನ ಹನಾಮಿಚಿ ಶೂಟ್ ಮಾಡಲು ಸಿದ್ಧನಾಗಿ ನಿಂತು, ಎಡಗೈ ಸುಮ್ನೆ ಆಧಾರಕ್ಕೆ ಮಾತ್ರ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಶೊಹೊಕು ತಂಡದಲ್ಲೇ ಇದ್ದು ಕಥೆಯುದ್ದಕ್ಕೂ ಅವನ ಜೊತೆ ಜಗಳ ಆಡಿದ ರುಕಾವಾ ಅವನಿಗೇ ಚೆಂಡು ಕೊಡುತ್ತಾನೆ. ಚೆಂಡು ಬುಟ್ಟಿಗೆ ಬೀಳುತ್ತದೆ. 79–78. ಆಮೇಲೆ ಎರಡು ಪುಟಕ್ಕೂ ಹರಡಿದ ಒಂದೇ ಚಿತ್ರದಲ್ಲಿ ಆ ಇಬ್ಬರ ಕೈಗಳು ಒಂದಕ್ಕೊಂದು ಬಡಿಯುತ್ತವೆ.

ಅಲ್ಲಿ ಸದ್ದಿಲ್ಲ ಅನ್ನುವುದು ಕೊರತೆಯಲ್ಲ. ಗಡಿಯಾರ ನಿಮ್ಮ ಬೆರಳಲ್ಲಿದೆ. ಗಾಬರಿಯಲ್ಲಿ ಪುಟ ಬೇಗ ತಿರುಗಿಸಿದರೆ ಆಟ ಓಡುತ್ತದೆ, ನಿಲ್ಲಿಸಿದರೆ ಚೆಂಡು ಗಾಳಿಯಲ್ಲೇ ನಿಲ್ಲುತ್ತದೆ. ಚಿತ್ರ ಕಲಿಸುವವಳಾಗಿ ಮಾಂಗಾದಲ್ಲಿ ನನ್ನನ್ನು ಹಿಡಿದಿಟ್ಟದ್ದು ಇದೇ. ಯಾವ ಚಿತ್ರ ಪುಟ ತಿರುಗಿಸಿದ ಮೇಲೆಯೇ ಕಾಣಬೇಕು ಎಂದು ಬರೆಯುವವರು ಮೊದಲೇ ಯೋಚಿಸಿರುತ್ತಾರೆ. ಅನಿಮೆಯಲ್ಲಿ ಆ ಗಡಿಯಾರ ನಿರ್ದೇಶಕರ ಕೈಗೆ ಹೋಗುತ್ತದೆ.

1993ರಲ್ಲಿ ಶುರುವಾದ ಟಿವಿ ಸರಣಿ 101 ಕಂತು ಓಡಿತು, ಆದರೆ ಈ ಪಂದ್ಯದವರೆಗೆ ಬರಲೇ ಇಲ್ಲ. ಅಭಿಮಾನಿಗಳು 2022ರವರೆಗೆ ಕಾಯಬೇಕಾಯಿತು. ಆಗ ಇನೊಉಎ ಅವರೇ ಕಥೆ ಬರೆದು ನಿರ್ದೇಶಿಸಿ ‘ದಿ ಫಸ್ಟ್ ಸ್ಲಾಮ್ ಡಂಕ್’ ಸಿನಿಮಾ ಮಾಡಿದರು. ನೋಡಿ, ಮೂಲ ಬರೆದವರೇ ಎಷ್ಟು ಬದಲಿಸಿದರು! ಹನಾಮಿಚಿಯ ಬದಲು ಅದೇ ತಂಡದ ಗಿಡ್ಡ ಹುಡುಗ ರ‍್ಯೋಟಾ ಮಿಯಾಗಿ ಕಥೆಯ ನಡುವಿಗೆ ಬಂದ. ಸತ್ತುಹೋದ ಅವನ ಅಣ್ಣ, ಒಕಿನಾವಾದ ಮನೆ, ಅಮ್ಮನ ಮೌನ ಎಲ್ಲ ಬಂತು. ಆದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಸಂಗೀತ, ಕೂಗು ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಪುಟದ ಮೌನವನ್ನು ಪರದೆಗೆ ತರುವುದು ಹೇಗೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ. ಎರಡನ್ನೂ ನೋಡಿ ನಿಮಗೇನನ್ನಿಸಿತು ಅಂತ ಬರೆಯಿರಿ. ಆಡುವವರ ಕಣ್ಣಿಗೆ ನನಗೆ ಕಾಣದ್ದು ಕಾಣುತ್ತದೆ.

ಒಂದು ಕಿವಿಮಾತು. ಮೊಬೈಲಿನಲ್ಲಿ ಓದುವುದಾದರೆ ಇಂಥ ಜೋಡಿಪುಟ ಬಂದಾಗ ಫೋನನ್ನು ಅಡ್ಡ ಹಿಡಿಯಿರಿ. ಇಲ್ಲದಿದ್ದರೆ ಚಿತ್ರ ನಡುವೆ ತುಂಡಾಗಿ ಎಲ್ಲ ಹಾಳು.

ಪ್ರಶ್ನೆ: ‘ನರುಟೊ’ ಅನಿಮೆಯಲ್ಲಿ ಮಾಂಗಾದಲ್ಲಿಲ್ಲದ ಕಂತುಗಳು ಯಾಕೆ ಅಷ್ಟು? ಅವನ್ನೆಲ್ಲ ನೋಡಲೇಬೇಕಾ?
– ಪಿಯುಸಿ ವಿದ್ಯಾರ್ಥಿ, ಕಾಪು

ಉತ್ತರ: ಬೇಡ. ವಾರ ವಾರ ಬರುವ ಅನಿಮೆ, ವಾರ ವಾರ ಬರುವ ಮಾಂಗಾವನ್ನು ಬೇಗ ಹಿಡಿದುಬಿಡುತ್ತದೆ. ಆಗ ಮಾಂಗಾದಲ್ಲಿಲ್ಲದ ಕಂತುಗಳನ್ನು ತುಂಬಿಸಿ ಕಾಲ ತಳ್ಳುತ್ತಾರೆ. ಮಾಂಗಾ 700 ಅಧ್ಯಾಯ, ‘ನರುಟೊ’, ‘ನರುಟೊ ಶಿಪ್ಪುಡೆನ್’ ಎರಡೂ ಸರಣಿ ಸೇರಿ ಅನಿಮೆ 720 ಕಂತು. ನರುಟೊನ ಗುರು ಕಾಕಾಶಿಯ ಹಳೆಯ ದಿನಗಳ ಕಂತುಗಳನ್ನು ಮಾತ್ರ ಬಿಡಬೇಡಿ, ಅವು ಚೆನ್ನಾಗಿವೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲಿ ಇದೇ ತೊಂದರೆಗೆ ಬೇರೆ ದಾರಿ ಹುಡುಕಿದರು. ಮಾಂಗಾ ಇನ್ನೂ ನಡೆಯುತ್ತಿದ್ದಾಗ ಬಂದ 2003ರ ಸರಣಿ ತನ್ನದೇ ಅಂತ್ಯ ಕಟ್ಟಿಕೊಂಡಿತು. 2009ರ ‘ಬ್ರದರ್‌ಹುಡ್’ 64 ಕಂತುಗಳಲ್ಲಿ ಹಿರೊಮು ಅರಕಾವಾ ಬರೆದ ಕಥೆಯ ಜೊತೆಗೇ ನಡೆಯಿತು. ಎರಡೂ ನೋಡತಕ್ಕವು. ನನಗೆ ಎರಡನೆಯದು ಹೆಚ್ಚು ಹತ್ತಿರ.

ಪ್ರಶ್ನೆ: ಮಾಂಗಾ ಓದಿದ ಗೆಳತಿ ಪ್ರತಿ ಕಂತಿನ ನಡುವೆ ಮುಂದಿನದ್ದನ್ನು ಹೇಳಿಬಿಡುತ್ತಾಳೆ. ಕೇಳಿದರೆ, ‘ಓದದೇ ಇದ್ದದ್ದು ನಿನ್ನ ತಪ್ಪು’ ಅನ್ನುತ್ತಾಳೆ.
– ಹೆಸರು ಬೇಡ, ಮಣಿಪಾಲ

ಉತ್ತರ: ತಪ್ಪು ಅವರದ್ದೇ. ಮೊದಲು ಓದಿದವರಿಗೆ ಆ ಬೆರಗು ಸಿಕ್ಕಿದೆ, ನಿಮಗೂ ಸಿಗಬೇಕು. ಈ ಅಂಕಣವನ್ನು ಅವರಿಗೆ ತೋರಿಸಿ. ಕಂತು ಮುಗಿದ ಮೇಲೆ, ‘ಪುಸ್ತಕದಲ್ಲಿ ಇದು ಹೇಗಿತ್ತು’ ಅಂತ ನೀವೇ ಕೇಳಿ. ಹೇಳಬೇಕು ಎನ್ನುವ ಅವರ ಆಸೆಯೂ ತೀರುತ್ತದೆ.

ಪ್ರಶ್ನೆ: ಏಳನೇ ತರಗತಿಯ ಮಗಳು ‘ಡೀಮನ್ ಸ್ಲೇಯರ್’ ಅನಿಮೆ ನೋಡಿದ್ದಾಳೆ. ಈಗ ಪುಸ್ತಕ ಬೇಕಂತೆ. ಬೆಲೆ ಜಾಸ್ತಿ. ಕಥೆ ಗೊತ್ತಿದ್ದ ಮೇಲೆ ಪುಸ್ತಕ ಯಾಕೆ? ಈ ವಯಸ್ಸಿಗೆ ಅದು ಸರಿಯಾ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ವಯಸ್ಸಿನ ಮಾತು ಮೊದಲು. ಕಥೆ ಶುರುವಾಗುವುದೇ ಹಿಮದಲ್ಲಿ ಒಂದು ಕುಟುಂಬದ ಕೊಲೆಯಿಂದ. ಅನಿಮೆಯಲ್ಲಿ ಅದು ಕೆಂಪು. ಪುಸ್ತಕದಲ್ಲಿ ಬರೀ ಕಪ್ಪು ಶಾಯಿ, ಆದರೂ ಕಡಿದ ತಲೆ ಕಡಿದ ತಲೆಯೇ. ಒಂದು ಕಂತು ನೀವೂ ಅವಳ ಪಕ್ಕ ಕೂತು ನೋಡಿ. ನಿಮ್ಮ ಮಗಳನ್ನು ಬಲ್ಲವರು ನೀವು, ನಾನಲ್ಲ.

ಇನ್ನು ಪುಸ್ತಕ ಯಾಕೆ ಎನ್ನುವುದು. 2019ರ ಅನಿಮೆಯ 19ನೇ ಕಂತಿನಲ್ಲಿ ಕಥಾನಾಯಕ ತಾಂಜಿರೊ ಜೇಡರಾಕ್ಷಸ ರುಯಿಯನ್ನು ಎದುರಿಸುವ ದೃಶ್ಯ ಇದೆ. ಪುಸ್ತಕದಲ್ಲಿ ಕೆಲವೇ ಪುಟಗಳ ಆ ಘಟನೆಯನ್ನು ಯುಫೊಟೇಬಲ್ ಸ್ಟುಡಿಯೊದವರು ಬಣ್ಣ, ಬೆಂಕಿ, ಹಾಡು ಸೇರಿಸಿ ಎಲ್ಲೋ ಎತ್ತರಕ್ಕೆ ಒಯ್ದರು. ಪರದೆ ಪುಟವನ್ನು ಮೀರಿದ ಜಾಗ ಅದು, ಸಂತೋಷದಿಂದ ಒಪ್ಪುತ್ತೇನೆ. ಆದರೂ ಪುಸ್ತಕ ಕೊಡಿಸಿ ಅನ್ನುತ್ತೇನೆ. ಕೊಯೊಹರು ಗೊತೊಗೆ ಅವರ ಮೊದಲ ಸಂಪುಟದ ಗೆರೆ ಒರಟು, ಕೆಲವು ಕಡೆ ಅಲುಗಾಡುತ್ತದೆ. ಮುಂದೆ ಹೋದಂತೆ ಕೈ ಪಳಗುತ್ತದೆ. ನನ್ನ ತರಗತಿಯ ಮಕ್ಕಳು ಅನಿಮೆ ನೋಡಿ ಬೆರಗಾಗುತ್ತಾರೆ, ಪುಸ್ತಕ ನೋಡಿ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ.

23 ಸಂಪುಟಗಳ ಡಬ್ಬಿ ಈಗಲೇ ಬೇಡ. ಒಂದು ಸಂಪುಟ ತನ್ನಿ, ಅವಳು ಎರಡನೇ ಸಲ ಓದಿದರೆ ಮುಂದಿನದು. ಇಂಗ್ಲಿಷ್ ಓದಲು ಬರುತ್ತಿದ್ದರೆ ಜಪಾನಿನ ಪ್ರಕಾಶಕ ಶುಯೇಶಾದವರದ್ದೇ ‘ಮಾಂಗಾ ಪ್ಲಸ್’ ಆ್ಯಪ್ ಉಂಟು. ಅದರಲ್ಲಿ ಹಲವು ಕಥೆಗಳ ಮೊದಲ ಅಧ್ಯಾಯಗಳು ಉಚಿತ. ರಕ್ತಪಾತ ಬೇಡ ಅನ್ನಿಸಿದರೆ ಕಿಯೊಹಿಕೊ ಅಜುಮಾ ಅವರ ‘ಯೊತ್ಸುಬಾ’ ಹುಡುಕಿ. ಐದು ವರ್ಷದ ಹುಡುಗಿಯೊಬ್ಬಳ ದಿನಗಳು, ಅಷ್ಟೇ. ನೀವೂ ಓದಬಹುದು. ಪುಸ್ತಕ ಬಲದಿಂದ ಎಡಕ್ಕೆ ಓದುವುದು, ನಮಗೆ ಕೊನೆಯ ಪುಟ ಅನ್ನಿಸುವುದೇ ಅಲ್ಲಿ ಮೊದಲನೆಯದು. ಮಳೆಗಾಲದಲ್ಲಿ ಮಾತ್ರ ಜಾಗ್ರತೆ. ಈ ಕಾಗದಕ್ಕೆ ನಮ್ಮ ಕರಾವಳಿಯ ತೇವ ಆಗುವುದಿಲ್ಲ, ಬೇಗ ಬೂಸ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ ಇಡಿ, ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆರೆದಿಡಿ.