ಪ್ರತಿಕ್ರಿಯೆ: ‘ಸುಕಿಯಾಕಿ’ ಹುಡುಕಿದರೆ ಇಂಗ್ಲಿಷ್ ಹಾಡೇ ಬರುತ್ತಿದೆ

ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಹಾಡಿನ ಹೆಸರೇ. ಅಪ್ಪ ಕೇಳುತ್ತಿದ್ದ ಜಪಾನಿ ‘ಸುಕಿಯಾಕಿ’ ಹುಡುಕಿದರೆ ಹೆಂಗಸಿನ ದನಿಯ ಇಂಗ್ಲಿಷ್ ಹಾಡು ಬರುತ್ತಿದೆ ಅಂದಿರಿ. ಅದು ಬಹುಶಃ 1981ರಲ್ಲಿ ಹಿಟ್ ಆದ ‘ಎ ಟೇಸ್ಟ್ ಆಫ್ ಹನಿ’ ತಂಡದ್ದು. ರಾಗ ಅದೇ, ಮಾತು ಬೇರೆ.

ಸುಕಿಯಾಕಿ ಅಂದರೆ ಮಾಂಸ, ತರಕಾರಿ ಹಾಕಿ ಬೇಯಿಸುವ ಒಂದು ಅಡುಗೆ. ಹಾಡಿನಲ್ಲಿ ಆ ಪದವೇ ಇಲ್ಲ! ಹೊರದೇಶದವರ ಬಾಯಿಗೆ ಸುಲಭವಾಗಲಿ ಅಂತ ಸುಮ್ನೆ ಇಟ್ಟ ಹೆಸರು ಅದು. ಮೂಲ ಹೆಸರು ‘ಉಎ ಓ ಮುಯಿತೆ ಅರುಕೋ’, ಅಂದರೆ ‘ಮೇಲೆ ನೋಡುತ್ತಾ ನಡೆಯೋಣ’. ಕಣ್ಣೀರು ಕೆಳಗೆ ಬೀಳದಿರಲಿ ಅಂತ ತಲೆ ಎತ್ತಿ ನಡೆಯುವವನ ಹಾಡು.

ಮೊದಲು ಈ ಮೂಲ ಹೆಸರಿನ ಜೊತೆ ಗಾಯಕ ಕ್ಯೂ ಸಕಾಮೊಟೊ ಹೆಸರು ಹಾಕಿ ಹುಡುಕಿ. ಬಂದದ್ದರಲ್ಲಿ 1961 ಅಂತ ಇರುವುದನ್ನು ಆರಿಸಿ, ಜಪಾನಿನಲ್ಲಿ ಹಾಡು ಮೊದಲು ಬಂದದ್ದು ಆಗಲೇ. 1963 ಅಂತಿದ್ದರೂ ಬಿಡಬೇಡಿ. ಆ ವರ್ಷ ಜೂನ್‌ನಲ್ಲಿ ಜಪಾನಿ ಭಾಷೆಯಲ್ಲೇ ಅದು ಅಮೆರಿಕದ ಜನಪ್ರಿಯ ಹಾಡುಗಳ ‘ಬಿಲ್‌ಬೋರ್ಡ್’ ಪಟ್ಟಿಯ ತುದಿಗೇರಿ 3 ವಾರ ಅಲ್ಲೇ ಇತ್ತು. ಎಂಥ ಹೆಮ್ಮೆಯ ಮಾತು, ಅಲ್ವಾ?

ಆಮೇಲೆ ಪೂರ್ತಿ ಕೇಳಿ. ಸಕಾಮೊಟೊ ಮಾತು ನಿಲ್ಲಿಸಿ ಮೆಲ್ಲಗೆ ಸಿಳ್ಳೆ ಹಾಕುತ್ತಾರೆ, ಅಳು ನುಂಗಿಕೊಂಡವರ ಹಾಗೆ. ಆ ಸಿಳ್ಳೆ ಕೇಳಿಸಿದರೆ ಅದನ್ನೇ ಅಪ್ಪನಿಗೆ ಹಾಕಿ ಕೊಡಿ.