ಗಾಳಿ ಹೋಯಿತು, ಕಾರು ಹೋಗಲಿಲ್ಲ

ಪ್ರಶ್ನೆ: ಆರನೇ ಕ್ಲಾಸಿನ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಲೂನ್ ಕಾರು ಮಾಡಿದ್ದಾಳೆ. ರಟ್ಟಿನ ಮೈ, ನೀರಿನ ಬಾಟಲಿಯ ಮುಚ್ಚಳಗಳೇ ಚಕ್ರ, ಸ್ಟ್ರಾ ಸಿಕ್ಕಿಸಿದ ಬಲೂನು. ಗಾಳಿ ಬುಸ್ಸೆಂದು ಹೋಗುತ್ತದೆ, ಕಾರು ಅಲುಗುವುದೇ ಇಲ್ಲ. ದೊಡ್ಡ ಬಲೂನು ಹಾಕಿದರೂ ಅಷ್ಟೆ. ಎಲ್ಲಿ ತಪ್ಪಾಗಿದೆ?
– ಒಬ್ಬ ತಾಯಿ, ತಿಪಟೂರು

ಉತ್ತರ: ಬಲೂನನ್ನು ಬಯ್ಯಬೇಡಿ. ತಪ್ಪು ಚಕ್ರ ಸಿಕ್ಕಿಸಿದ ಅಚ್ಚಿನಲ್ಲಿರಬೇಕು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಓಡದ ಕಾರು ಹಿಡಿದುಕೊಂಡು ಬಂದ ಮಕ್ಕಳೆಲ್ಲ ಕೇಳುತ್ತಿದ್ದದ್ದು ಇನ್ನೂ ದೊಡ್ಡ ಬಲೂನನ್ನೇ. ಬಲೂನು ಊದುವಾಗ ಮೊದಲ ಒಂದೆರಡು ಉಸಿರೇ ಕಷ್ಟ, ಆಮೇಲೆ ಸಲೀಸು, ಅಲ್ವಾ? ಅಂದರೆ ಹಿಗ್ಗಿದ ಬಲೂನಿನಲ್ಲಿ ಒತ್ತಡ ಜಾಸ್ತಿ ಇರುತ್ತದೆ ಎಂದೇನಿಲ್ಲ. ಗಾಳಿ ಹೆಚ್ಚು ಹೊತ್ತು ಬರುತ್ತದೆ, ಅಷ್ಟೆ.

ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಕಾರು ಇಡಿ. ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಕಾರು 100 ಗ್ರಾಂ ಇದೆ, 15 ಸೆಂಟಿಮೀಟರ್ ಎತ್ತಿದಾಗ ಹೊರಟಿತು ಎಂದುಕೊಳ್ಳೋಣ. ಆಗ ಅದನ್ನು ಕದಲಿಸಲು 15 ಗ್ರಾಂ ತೂಕದಷ್ಟು ಬಲ ಬೇಕು. ಬಲೂನಿನ ತಳ್ಳು ಕೆಲವೇ ಗ್ರಾಂ. ಹೇಗೆ ಓಡೀತು? ಮೂರು ಸೆಂಟಿಮೀಟರಿಗೇ ಉರುಳುವಂತೆ ಮಾಡಿ.

ಅಚ್ಚಿಗೆ ನುಣುಪಾದ ಬಿದಿರು ಕಡ್ಡಿ ಇರಲಿ. ಅದು ಬೇರೊಂದು ಸ್ಟ್ರಾ ಒಳಗೆ ಸಡಿಲವಾಗಿ ತಿರುಗಬೇಕು. ಸ್ಟ್ರಾವನ್ನು ಮಾತ್ರ ರಟ್ಟಿಗೆ ಅಂಟಿಸಿ. ಗೋಂದು ಒಳಗಿಳಿದರೆ ಮುಗಿಯಿತು. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಕಾರು ಸತ್ತಿದ್ದು ಹಾಗೆಯೇ. ಚಕ್ರ ರಟ್ಟಿಗೆ ಉಜ್ಜಬಾರದು. ಮುಚ್ಚಳದ ತೂತು ನಟ್ಟನಡುವೆ ಇರಬೇಕು. ಅದೇ ಅಳತೆಯ ಕಾಗದದ ಬಿಲ್ಲೆ ಕತ್ತರಿಸಿ ನಾಲ್ಕಾಗಿ ಮಡಿಸಿ, ಮಡಿಕೆಗಳು ಕೂಡುವ ಜಾಗವೇ ನಡು. ನಾನೊಮ್ಮೆ ಕಣ್ಣಂದಾಜಿನಲ್ಲಿ ತೂತು ಹಾಕಿದ್ದೆ. ಕಾರು ಇಡೀ ಕ್ಲಾಸಿನ ಮುಂದೆ ಕುಂಟುತ್ತಾ ಹೋಗಿ ಮೇಜಿನಿಂದ ಬಿತ್ತು.

ನೋಡಲು ಬಂದವರು ‘ಕಾರನ್ನು ತಳ್ಳಿದ್ದು ಯಾರು?’ ಎಂದು ಕೇಳಿಯೇ ಕೇಳುತ್ತಾರೆ. ‘ಹೊರಗಿನ ಗಾಳಿ’ ಎಂದರೆ ತಪ್ಪು. ಬಲೂನು ತನ್ನೊಳಗಿನ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ, ಆ ಗಾಳಿ ಬಲೂನನ್ನು ಮುಂದಕ್ಕೆ ದೂಡುತ್ತದೆ. ನ್ಯೂಟನ್ 1687ರಲ್ಲಿ ಹೇಳಿದ ಮೂರನೇ ನಿಯಮ ಇದು. ಇದರಲ್ಲಿ ದೊಡ್ಡವರೇ ಎಡವಿದ್ದಾರೆ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ರಾಕೆಟ್ ಹೋಗದು ಎಂದು ನ್ಯೂಯಾರ್ಕ್ ಟೈಮ್ಸ್ 1920ರಲ್ಲಿ ವಿಜ್ಞಾನಿ ಗಾಡರ್ಡ್ ಅವರನ್ನು ಗೇಲಿ ಮಾಡಿತ್ತು. ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ. ಗಾಡರ್ಡ್ 1945ರಲ್ಲೇ ತೀರಿಕೊಂಡಿದ್ದರು.

ಪ್ರದರ್ಶನದ ದಿನ ನಾಲ್ಕೈದು ಬಲೂನು ಜಾಸ್ತಿಯೇ ಇಟ್ಟುಕೊಳ್ಳಲಿ. ಒಂದಾದರೂ ಒಡೆಯುತ್ತದೆ.